ಅಂಡರ್‌ಟೇಕರ್ ಏಳು ಸಲ ಸತ್ತದ್ದು ನಿಜವೇ? ಡಬ್ಲ್ಯುಡಬ್ಲ್ಯುಇ ಕುಸ್ತಿಯಲ್ಲಿ ಯಾವುದು ನಾಟಕ, ಯಾವುದು ಅಲ್ಲ

ಡಬ್ಲ್ಯುಡಬ್ಲ್ಯುಇ ಬಗ್ಗೆ ನಮ್ಮ ನಡುವೆ ಎರಡು ಮಾತುಗಳು ಬಹಳ ಕಾಲದಿಂದ ಓಡಾಡುತ್ತಿವೆ. ಮೊದಲನೆಯದು ಶಾಲೆಯ ದಿನಗಳದ್ದು: "ಅಂಡರ್‌ಟೇಕರ್ ಏಳು ಸಲ ಸತ್ತು ಏಳು ಸಲ ಎದ್ದು ಬಂದವನು." ಎರಡನೆಯದು ಬೆಳೆದ ಮೇಲಿನದು: "ಅದೆಲ್ಲ ಬರೀ ಡ್ರಾಮಾ ಮಾರಾಯ, ರಕ್ತ ಅಂದ್ರೆ ಟೊಮೆಟೊ ಸಾಸ್, ಯಾರಿಗೂ ಒಂದು ಗೀರೂ ಬೀಳಲ್ಲ."

ಮೊದಲನೆಯದನ್ನು ನಂಬಿದ್ದವರು ಈಗ ನೆನೆಸಿಕೊಂಡು ನಗುತ್ತಾರೆ. ಎರಡನೆಯದನ್ನು ಹೇಳುವವರು ತಮಗೆ ಒಳಗುಟ್ಟು ಗೊತ್ತು ಎಂದುಕೊಳ್ಳುತ್ತಾರೆ. ಆದರೆ ಎರಡೂ ತಪ್ಪು. ಎರಡರಲ್ಲಿ ಹೆಚ್ಚು ಅಪಾಯದ್ದು ಎರಡನೆಯದು. ಏಕೆ? ಒಂದೊಂದಾಗಿ ನೋಡೋಣ.

ಏಳು ಸಾವುಗಳ ಕಥೆ ಎಲ್ಲಿಂದ ಬಂತು?

ಅಂಡರ್‌ಟೇಕರ್ ಎಂಬುದು ಒಂದು ಪಾತ್ರ. ಅದನ್ನು ಮಾಡಿದವರು ಅಮೆರಿಕದ ಟೆಕ್ಸಸ್‌ನ ಮಾರ್ಕ್ ಕ್ಯಾಲವೇ. 1990ರ ನವೆಂಬರ್‌ನಲ್ಲಿ ಈ ಪಾತ್ರ ಮೊದಲ ಬಾರಿ ಟಿವಿ ಪರದೆಗೆ ಬಂತು, 2020ರ ನವೆಂಬರ್‌ನಲ್ಲಿ ವಿದಾಯ ಹೇಳಿತು. ಮೂವತ್ತು ವರ್ಷಗಳ ಈ ಓಟದಲ್ಲಿ ಪಾತ್ರವನ್ನು ಹಲವು ಸಲ ಶವಪೆಟ್ಟಿಗೆಗೆ ಹಾಕಿದರು, ಮಣ್ಣಿನಲ್ಲಿ ಹೂತರು, ಬೆಂಕಿ ಹಚ್ಚಿದರು.

1994ರ ಜನವರಿಯಲ್ಲಿ ಯೊಕೊಜುನಾ ಮತ್ತು ಸಂಗಡಿಗರು ಅವನನ್ನು ಪೆಟ್ಟಿಗೆಯಲ್ಲಿ ಮುಚ್ಚಿದರು. ಆಮೇಲೆ ಅವನ 'ಆತ್ಮ' ಮೇಲಕ್ಕೆ ಹೋಗುವ ದೃಶ್ಯವನ್ನೂ ತೋರಿಸಿದರು. ನಿಜ ಸಂಗತಿ ಏನೆಂದರೆ ಕ್ಯಾಲವೇ ಅವರಿಗೆ ಬೆನ್ನಿನ ಗಾಯವಾಗಿತ್ತು, ವಿಶ್ರಾಂತಿ ಬೇಕಿತ್ತು. 2003ರ ನವೆಂಬರ್‌ನಲ್ಲಿ ಮತ್ತೊಮ್ಮೆ ಹೂತರು. ಆಗ ಪಾತ್ರ ಬೈಕ್ ಸವಾರನ ವೇಷದಲ್ಲಿತ್ತು. 2004ರ ಮಾರ್ಚ್‌ನಲ್ಲಿ ಹಳೆಯ ಕಪ್ಪು ಕೋಟು, ಟೋಪಿಯೊಂದಿಗೆ ಎದ್ದು ಬಂತು. ಅಂದರೆ ಆ ಸಾವು ವೇಷ ಬದಲಿಸಲು. 2010ರ ಅಕ್ಟೋಬರ್‌ನಲ್ಲಿ ಮತ್ತೆ ಸಮಾಧಿ. ಈ ಬಾರಿ ಕಾರಣ ಭುಜದ ಶಸ್ತ್ರಚಿಕಿತ್ಸೆ.

ಗಮನಿಸಿ: ಸಾವು ಸುಳ್ಳು, ಆದರೆ ಕೆಲವು ಸಲ ಅದರ ಹಿಂದಿದ್ದ ಗಾಯ ನಿಜ. ಕಚೇರಿಯಲ್ಲಿ ನಾವು ರಜೆ ಚೀಟಿ ಕೊಡುತ್ತೇವೆ. ಅಂಡರ್‌ಟೇಕರ್‌ಗೆ ಶವಪೆಟ್ಟಿಗೆಯೇ ರಜೆ ಚೀಟಿ. ಆ ದಿನಗಳಲ್ಲಿ ಹಿಂದುಮುಂದಿನ ಕಂತು ತಪ್ಪಿಸಿಕೊಂಡು, ಇಂಗ್ಲಿಷ್ ವಿವರಣೆ ಅರ್ಧ ಮಾತ್ರ ಅರ್ಥವಾಗುತ್ತಿದ್ದ ನಮ್ಮ ಮಕ್ಕಳಿಗೆ ಸತ್ತವನು ಮತ್ತೆ ಬಂದಂತೆಯೇ ಕಂಡಿದ್ದರಲ್ಲಿ ಆಶ್ಚರ್ಯವಿಲ್ಲ.

ಅಕ್ಷಯ್ ಕುಮಾರ್ ಸೋಲಿಸಿದ್ದು ಯಾರನ್ನು?

ಇದೇ ಸಾಲಿನ ಇನ್ನೊಂದು ಮಾತು: 'ಖಿಲಾಡಿಯೋಂ ಕಾ ಖಿಲಾಡಿ' ಹಿಂದಿ ಚಿತ್ರದಲ್ಲಿ ಅಕ್ಷಯ್ ಕುಮಾರ್ ನಿಜವಾದ ಅಂಡರ್‌ಟೇಕರ್ ಜೊತೆ ಹೋರಾಡಿದರು ಎಂಬುದು. 1996ರ ಆ ಚಿತ್ರದಲ್ಲಿ ಅಂಡರ್‌ಟೇಕರ್ ವೇಷದಲ್ಲಿದ್ದವರು ಬ್ರಯಾನ್ ಲೀ ಎಂಬ ಬೇರೊಬ್ಬ ಕುಸ್ತಿಪಟು. 1994ರಲ್ಲಿ ಕ್ಯಾಲವೇ ವಿಶ್ರಾಂತಿಯಲ್ಲಿದ್ದಾಗ 'ನಕಲಿ ಅಂಡರ್‌ಟೇಕರ್' ಎಂಬ ಕಥೆಗಾಗಿ ಕಂಪನಿಯೇ ಇದೇ ಲೀ ಅವರನ್ನು ಕರೆತಂದಿತ್ತು. ಆ ವರ್ಷದ ಆಗಸ್ಟ್‌ನಲ್ಲಿ ಅಸಲಿ ಬಂದು ನಕಲಿಯನ್ನು ಸೋಲಿಸಿದ. "ಅಂಡರ್‌ಟೇಕರ್ ಒಬ್ಬನಲ್ಲ, ಇಬ್ಬರು" ಎಂಬ ಮಾತಿನಲ್ಲಿ ಇಷ್ಟು ಮಾತ್ರ ಸತ್ಯ.

ಹಾಗೆಯೇ ಕೇನ್ ಅವನ ತಮ್ಮನಲ್ಲ. ಆ ಮುಖವಾಡದ ಹಿಂದೆ ಇದ್ದವರು ಗ್ಲೆನ್ ಜೇಕಬ್ಸ್. ಬೆಂಕಿಯಲ್ಲಿ ಸುಟ್ಟ ತಮ್ಮ ಎಂಬುದು 1997ರಲ್ಲಿ ಹೆಣೆದ ಕಥೆ. ಜೇಕಬ್ಸ್ 2018ರಲ್ಲಿ ಟೆನ್ನೆಸಿ ರಾಜ್ಯದ ನಾಕ್ಸ್ ಕೌಂಟಿಯ ಮೇಯರ್ ಆಗಿ ಆಯ್ಕೆಯಾದರು. ಇಷ್ಟೆಲ್ಲ ನಾಟಕದ ನಡುವೆ ಒಂದು ತಮಾಷೆಯ ಸತ್ಯವೂ ಇದೆ. ಅಸ್ಥಿಕಲಶ ಹಿಡಿದು ಅಂಡರ್‌ಟೇಕರ್ ಜೊತೆ ಬರುತ್ತಿದ್ದ ಬಿಳಿಚು ಮುಖದ ಪಾಲ್ ಬೇರರ್ ನೆನಪಿದೆಯೇ? ಆ ಪಾತ್ರ ಮಾಡಿದ ವಿಲಿಯಂ ಮೂಡಿ ನಿಜಜೀವನದಲ್ಲೂ ಅಂತ್ಯಕ್ರಿಯೆ ನಡೆಸುವ ವೃತ್ತಿಯಲ್ಲಿ ತರಬೇತಿ ಪಡೆದವರು.

ಗೆಲ್ಲುವವರು ಮೊದಲೇ ನಿಗದಿಯೇ?

ಹೌದು. ಇದು ಗುಟ್ಟೂ ಅಲ್ಲ. 1989ರಲ್ಲಿ ಅಮೆರಿಕದ ನ್ಯೂಜೆರ್ಸಿ ರಾಜ್ಯದ ಶಾಸಕರ ಮುಂದೆ ಕಂಪನಿಯೇ ಇದನ್ನು ಒಪ್ಪಿಕೊಂಡಿತು. ತಮ್ಮದು ಸ್ಪರ್ಧೆಯಲ್ಲ, ಮನರಂಜನೆ ಎಂದಿತು. ಕಾರಣ ಪ್ರಾಮಾಣಿಕತೆ ಉಕ್ಕಿ ಬಂದದ್ದಲ್ಲ. ಕ್ರೀಡೆ ಎಂದಾದರೆ ರಾಜ್ಯದ ಕ್ರೀಡಾ ಆಯೋಗದ ಪರವಾನಗಿ, ತೆರಿಗೆ ಎಲ್ಲ ಬರುತ್ತಿತ್ತು.

ಆದ್ದರಿಂದ ದಸರಾ ಅಖಾಡದಲ್ಲಿ ನಡೆಯುವ ನಾಡಕುಸ್ತಿಯನ್ನು, ಒಲಿಂಪಿಕ್ಸ್ ಕುಸ್ತಿಯನ್ನು ಇದರೊಂದಿಗೆ ಬೆರೆಸಬೇಡಿ. ಗರಡಿ ಮನೆಯ ಪೈಲ್ವಾನ ಎದುರಾಳಿಯನ್ನು ಚಿತ್ ಮಾಡಲು ಪಟ್ಟು ಹಾಕುತ್ತಾನೆ. ಡಬ್ಲ್ಯುಡಬ್ಲ್ಯುಇ ಕಲಾವಿದ ಎದುರಾಳಿಯ ಜೀವ ಕಾಪಾಡುತ್ತಲೇ ಅವನನ್ನು ಚಚ್ಚಿದಂತೆ ಕಾಣಿಸಬೇಕು. ಎರಡೂ ಕಷ್ಟ, ಆದರೆ ಬೇರೆ ಬೇರೆ ಕಷ್ಟ.

ಹಾಗಾದರೆ ಅಭಿಮಾನಿಗಳು ಜಗಳವಾಡುವುದು ಯಾವುದಕ್ಕೆ?

ಯಕ್ಷಗಾನದಲ್ಲಿ 'ಕೀಚಕ ವಧೆ' ನೋಡಲು ಹೋದವರಿಗೆ ಕೀಚಕ ಸಾಯುತ್ತಾನೆ ಎಂದು ಗೊತ್ತಿಲ್ಲವೇ? ಗೊತ್ತಿದ್ದೂ ನಿದ್ದೆಗೆಟ್ಟು ನೋಡುತ್ತಾರೆ. ಮರುದಿನ ಚರ್ಚಿಸುವುದು "ಯಾರು ಗೆದ್ದರು" ಎಂದಲ್ಲ, "ಈ ಸಲದ ಕೀಚಕ ಹೇಗೆ ಮಾಡಿದ" ಎಂದು. ವೃತ್ತಿಪರ ರೆಸ್ಲಿಂಗ್ ಅಭಿಮಾನಿಗಳ ವಾದವೂ ಇಂಥದ್ದೇ.

ಅವರು ಮುಖ್ಯವಾಗಿ ನೋಡುವುದು ನೋವಿನ ಅಭಿನಯವನ್ನು. ಹತ್ತು ನಿಮಿಷ ಕಾಲಿಗೇ ಹೊಡೆಸಿಕೊಂಡವನು ಕೊನೆಗೆ ಏನೂ ಆಗದಂತೆ ಓಡಿದರೆ ಅಭಿಮಾನಿಗಳು ಸಿಟ್ಟಾಗುತ್ತಾರೆ. ಎರಡನೆಯದು ಕಥೆಯ ನಡೆ. ಯಾರು ಖಳ, ಯಾರು ನಾಯಕ, ಪ್ರೇಕ್ಷಕರ ಮನಸ್ಸು ಯಾವಾಗ ತಿರುಗಿತು ಎಂಬುದು.

ಇದಕ್ಕೆ ಅಭಿಮಾನಿಗಳು ಮತ್ತೆ ಮತ್ತೆ ಕೊಡುವ ಉದಾಹರಣೆ 1997ರ ಮಾರ್ಚ್ 23ರ ರೆಸಲ್‌ಮೇನಿಯಾ 13. ಬ್ರೆಟ್ ಹಾರ್ಟ್ ನಾಯಕ, ಸ್ಟೋನ್ ಕೋಲ್ಡ್ ಸ್ಟೀವ್ ಆಸ್ಟಿನ್ ಖಳ. ಸೋಲೊಪ್ಪಿಕೊಂಡವನು ಸೋತಂತೆ, ಇದು ಪಂದ್ಯದ ನಿಯಮ. ಕೊನೆಯಲ್ಲಿ ಹಾರ್ಟ್ ಹಾಕಿದ ಕಾಲಿನ ಪಟ್ಟಿನಲ್ಲಿ ಸಿಕ್ಕ ಆಸ್ಟಿನ್ ಮುಖವೆಲ್ಲ ರಕ್ತವಾಗಿ ಚೀರಿದ, ಆದರೆ ಸೋಲೊಪ್ಪಲಿಲ್ಲ. ಪ್ರಜ್ಞೆ ತಪ್ಪಿದಂತೆ ಬಿದ್ದ. ಗೆದ್ದ ಹಾರ್ಟ್ ಆಮೇಲೂ ಹೊಡೆದಾಗ ಜನ ಛೀಮಾರಿ ಹಾಕಿದರು, ಸೋತು ಕುಂಟುತ್ತ ಹೋದ ಆಸ್ಟಿನ್‌ಗೆ ಜೈಕಾರ ಹಾಕಿದರು. ಒಂದೇ ಪಂದ್ಯದಲ್ಲಿ ನಾಯಕ ಖಳನಾದ, ಖಳ ನಾಯಕನಾದ, ಅದೂ ಸೋಲುಗೆಲುವು ಮೊದಲೇ ತೀರ್ಮಾನವಾಗಿದ್ದ ಪಂದ್ಯದಲ್ಲಿ.

ವೀಕ್ಷಕ ವಿವರಣೆ ಏಕೆ ಇಷ್ಟು ಮುಖ್ಯ?

ಕ್ರಿಕೆಟ್ ವಿವರಣೆಗಾರ ನಡೆದದ್ದನ್ನು ಹೇಳುತ್ತಾನೆ. ಇಲ್ಲಿನ ವಿವರಣೆಗಾರ ಕಥೆಯ ಒಂದು ಪಾತ್ರ. ಸಾಮಾನ್ಯವಾಗಿ ಇಬ್ಬರಿರುತ್ತಾರೆ. ಒಬ್ಬ ನ್ಯಾಯದ ಪರ, ಇನ್ನೊಬ್ಬ ಖಳನ ಮೋಸಕ್ಕೂ ಸಮರ್ಥನೆ ಹುಡುಕುವವ. ತೊಂಬತ್ತರ ದಶಕದ ಕೊನೆಯಲ್ಲಿ ಜಿಮ್ ರಾಸ್ ಮತ್ತು ಜೆರ್ರಿ ಲಾಲರ್ ಹೀಗೆ ಜೋಡಿಯಾಗಿದ್ದರು. ಕಿವಿಯಲ್ಲಿನ ಹೆಡ್‌ಸೆಟ್‌ಗೆ ತೆರೆಮರೆಯಿಂದ ಸೂಚನೆ ಬರುತ್ತಿರುತ್ತದೆ. ರೆಫರಿಗೂ ಹಾಗೆಯೇ. "ಸಮಯ ಮುಗಿಯುತ್ತಿದೆ, ಮುಗಿಸಿ" ಎಂಬ ಸಂದೇಶವನ್ನು ಕುಸ್ತಿಪಟುಗಳ ಕಿವಿಗೆ ತಲುಪಿಸುವುದು ಅವನೇ.

ಇಂಗ್ಲಿಷ್ ಅರ್ಥವಾಗದ ನಮಗೂ ರಾಸ್ ದನಿ ಏರಿದಾಗ ಏನೋ ದೊಡ್ಡದು ನಡೆಯಿತೆಂದು ತಿಳಿಯುತ್ತಿತ್ತು. ವಿವರಣೆಗಾರ ಹಾಕಿದ ಪಟ್ಟು ಏಕೆ ನೋಯುತ್ತದೆಂದು ಹೇಳಬೇಕೋ, ಮುಂದಿನ ಕಾರ್ಯಕ್ರಮದ ಜಾಹೀರಾತು ಓದಬೇಕೋ ಎಂಬುದು ಅಭಿಮಾನಿಗಳ ಹಳೆಯ ತಕರಾರು. ಆದರೆ ಈ ದನಿಗೆ ಒಂದು ದೊಡ್ಡ ತೊಡಕಿದೆ. ದಿನವೂ ನಾಟಕವನ್ನು ನಿಜವೆಂದು ಹೇಳುವವನು, ನಿಜವೇ ನಡೆದಾಗ ಏನು ಹೇಳಬೇಕು?

ನಾಟಕ ನಿಂತ ರಾತ್ರಿ

1999ರ ಮೇ 23. ಕನ್ಸಾಸ್ ಸಿಟಿಯ ಕೆಂಪರ್ ಅರೀನಾ. ಬ್ರೆಟ್ ಹಾರ್ಟ್ ಅವರ ತಮ್ಮ ಓವೆನ್ ಹಾರ್ಟ್ ಚಾವಣಿಯಿಂದ ಹಗ್ಗದ ಸಹಾಯದಿಂದ ರಿಂಗ್‌ಗೆ ಇಳಿಯಬೇಕಿತ್ತು. ಕೊಂಡಿ ಕಳಚಿ ಸುಮಾರು 78 ಅಡಿ ಎತ್ತರದಿಂದ ಬಿದ್ದರು. ಆ ಕ್ಷಣದಲ್ಲಿ ಟಿವಿಯಲ್ಲಿ ಮೊದಲೇ ಚಿತ್ರಿಸಿದ ತುಣುಕು ಓಡುತ್ತಿದ್ದುದರಿಂದ ಮನೆಯ ವೀಕ್ಷಕರು ಬಿದ್ದದ್ದನ್ನು ನೋಡಲಿಲ್ಲ. ಇದು ಮನರಂಜನೆಯ ಭಾಗವಲ್ಲ, ನಿಜವಾಗಿಯೂ ನಡೆದದ್ದು ಎಂದು ಜಿಮ್ ರಾಸ್ ನೋಡುಗರಿಗೆ ಒತ್ತಿ ಹೇಳಬೇಕಾಯಿತು. ಅದೇ ಕಾರ್ಯಕ್ರಮದಲ್ಲಿ ಸಾವಿನ ಸುದ್ದಿಯನ್ನೂ ಅವರೇ ಹೇಳಿದರು. ಓವೆನ್‌ಗೆ ಆಗ 34 ವರ್ಷ. ಕಾರ್ಯಕ್ರಮವನ್ನು ನಿಲ್ಲಿಸದೆ ಮುಂದುವರಿಸಿದ್ದು ಸರಿಯೇ ಎಂಬ ವಾದ ಇಂದಿಗೂ ಮುಗಿದಿಲ್ಲ.

ಮಾರ್ಕ್ ಕ್ಯಾಲವೇ ಪಾತ್ರ ಎಷ್ಟು ಸಲ ಸತ್ತರೂ ಎದ್ದು ಬಂತು. ಓವೆನ್ ಒಂದೇ ಸಲ ಬಿದ್ದರು.

"ಯಾರಿಗೂ ಪೆಟ್ಟಾಗಲ್ಲ" ಎಂಬುದು ಏಕೆ ತಪ್ಪು?

ರಿಂಗ್ ಎಂದರೆ ಹಾಸಿಗೆಯಲ್ಲ. ಉಕ್ಕಿನ ಚೌಕಟ್ಟು, ಅದರ ಮೇಲೆ ಮರದ ಹಲಗೆ, ಮೇಲೆ ತೆಳುವಾದ ಫೋಮ್, ಅದರ ಮೇಲೆ ಕ್ಯಾನ್ವಾಸ್ ಬಟ್ಟೆ. ಹಲಗೆ ಸ್ವಲ್ಪ ಬಾಗುತ್ತದೆ, ಅಷ್ಟೇ. 'ಢಬ್' ಎಂಬ ಸದ್ದನ್ನು ಹೆಚ್ಚಿಸಲು ಕೆಳಗೆ ಮೈಕ್ ಇಡುವುದುಂಟು. ಗುದ್ದುವಾಗ ಕಾಲು ಅಪ್ಪಳಿಸಿ ಸದ್ದು ಮಾಡುವುದೂ ನಿಜ. ಆದರೆ ಬೀಳುವುದು ನಿಜವಾದ ದೇಹ. ಗುರುತ್ವಾಕರ್ಷಣೆಗೆ ಕಥೆ ಗೊತ್ತಿರುವುದಿಲ್ಲ.

ಬೀಳಲು ತರಬೇತಿ ಇದೆ. ಗದ್ದವನ್ನು ಎದೆಗೆ ಒತ್ತಿಕೊಂಡು, ಬೆನ್ನಿನ ಮೇಲ್ಭಾಗ ಮತ್ತು ಎರಡೂ ತೋಳುಗಳನ್ನು ಒಟ್ಟಿಗೆ ನೆಲಕ್ಕೆ ತಾಗಿಸಬೇಕು. ಪೆಟ್ಟಿನ ಬಲ ದೊಡ್ಡ ಜಾಗಕ್ಕೆ ಹಂಚಿಹೋಗುತ್ತದೆ, ತಲೆ ಉಳಿಯುತ್ತದೆ. ಹಂಚಿಹೋಗುತ್ತದೆಯೇ ಹೊರತು ಮಾಯವಾಗುವುದಿಲ್ಲ. ವರ್ಷಗಟ್ಟಲೆ ಹೀಗೆ ಬಿದ್ದವರ ಬೆನ್ನು, ಕುತ್ತಿಗೆ, ಮೊಣಕಾಲು ಸವೆಯುತ್ತವೆ.

ರಕ್ತದ ವಿಷಯ. ಹಳೆಯ ಪಂದ್ಯಗಳಲ್ಲಿ ಬಹುಪಾಲು ಅದು ಸಾಸ್ ಅಲ್ಲ. ಸಣ್ಣ ಬ್ಲೇಡ್ ತುಣುಕಿನಿಂದ ತಮ್ಮ ಹಣೆಯನ್ನು ತಾವೇ ಕೊಯ್ದುಕೊಳ್ಳುವ ಪದ್ಧತಿ ಇತ್ತು. ಯೋಜಿತ ಗಾಯವಾದರೂ ರಕ್ತ ನಿಜ.

1998ರ ಜೂನ್ 28ರಂದು ಪಿಟ್ಸ್‌ಬರ್ಗ್‌ನಲ್ಲಿ ಅಂಡರ್‌ಟೇಕರ್ ಪಾತ್ರ ಮ್ಯಾನ್‌ಕೈಂಡ್, ಅಂದರೆ ಮಿಕ್ ಫೋಲಿ ಅವರನ್ನು ಸುಮಾರು 16 ಅಡಿ ಎತ್ತರದ ಪಂಜರದ ಮೇಲಿಂದ ವಿವರಣೆಗಾರರ ಮೇಜಿನ ಮೇಲೆ ಎಸೆಯಿತು. ಲೆಕ್ಕ ಹಾಕಿದರೆ ಕೆಳಗೆ ತಾಗುವಾಗ ವೇಗ ಗಂಟೆಗೆ 30ರಿಂದ 35 ಕಿ.ಮೀ. ಇದು ಯೋಜಿಸಿದ್ದು. ಫೋಲಿ ಮತ್ತೆ ಹತ್ತಿದಾಗ ಪಂಜರದ ಚಾವಣಿಯೇ ಕಿತ್ತು ರಿಂಗ್‌ಗೆ ಬಿದ್ದರು. ಅದು ಯೋಜಿಸಿದ್ದಲ್ಲ. ಭುಜ ಜಾರಿತು, ಮಿದುಳಿಗೆ ಆಘಾತವಾಯಿತು, ಹಲ್ಲು ಮುರಿಯಿತು.

ನುರಿತವರ ಕೈಯಲ್ಲೂ ತಪ್ಪಾಗುತ್ತದೆ. 1997ರ ಆಗಸ್ಟ್‌ನಲ್ಲಿ ಇದೇ ಓವೆನ್ ಹಾರ್ಟ್, ಆಸ್ಟಿನ್‌ರನ್ನು ತಲೆಕೆಳಗಾಗಿ ಹಿಡಿದು ಕೂರುವ ಪಟ್ಟು ಹಾಕಿದಾಗ ಕುತ್ತಿಗೆಗೆ ಪೆಟ್ಟಾಗಿ ಆಸ್ಟಿನ್‌ಗೆ ಸ್ವಲ್ಪ ಹೊತ್ತು ಕೈಕಾಲು ಆಡಲಿಲ್ಲ. 2014ರಲ್ಲಿ ಬ್ರಾಕ್ ಲೆಸ್ನರ್ ಎದುರು ಸೋತ ಪಂದ್ಯದಲ್ಲಿ ಕ್ಯಾಲವೇ ಅವರಿಗೆ ತಲೆಗೆ ಪೆಟ್ಟು ಬಿದ್ದು ಆಸ್ಪತ್ರೆ ಸೇರಿದರು. ಆ ಪಂದ್ಯ ತಮಗೆ ನೆನಪೇ ಇಲ್ಲ ಎಂದು ಅವರೇ ಹೇಳಿದ್ದಾರೆ.

ಕಣ್ಣಿಗೆ ಕಾಣದ ಗಾಯ

ತಲೆಗೆ ಪದೇ ಪದೇ ಪೆಟ್ಟು ಬಿದ್ದರೆ ಮಿದುಳಿನಲ್ಲಿ 'ಟೌ' ಎಂಬ ಪ್ರೋಟೀನ್ ಅಸಹಜವಾಗಿ ಶೇಖರವಾಗುವ ಕಾಯಿಲೆ ಬರಬಹುದು. ಇದನ್ನು ಸಿಟಿಇ ಎನ್ನುತ್ತಾರೆ. ಮರೆವು, ಖಿನ್ನತೆ, ಸಿಟ್ಟು ಇದರ ಲಕ್ಷಣಗಳು. ಖಚಿತವಾಗುವುದು ಸಾವಿನ ನಂತರದ ಮಿದುಳು ಪರೀಕ್ಷೆಯಲ್ಲಿ ಮಾತ್ರ.

2007ರ ಜೂನ್‌ನಲ್ಲಿ ಕ್ರಿಸ್ ಬೆನ್ವಾ ಎಂಬ ಹೆಸರಾಂತ ಕುಸ್ತಿಪಟು ಹೆಂಡತಿ ಮತ್ತು ಮಗನನ್ನು ಕೊಂದು ತಾನೂ ಜೀವ ಕಳೆದುಕೊಂಡ. ಪರೀಕ್ಷಿಸಿದ ವೈದ್ಯರು 40 ವರ್ಷದ ಆತನ ಮಿದುಳಿನಲ್ಲಿ ತೀವ್ರ ಹಾನಿ ಕಂಡರು. ಕೊಲೆಗೆ ಅದೊಂದೇ ಕಾರಣ ಎನ್ನಲಾಗದು. ಆದರೆ ಆ ಹಾನಿ ನಾಟಕವಾಗಿರಲಿಲ್ಲ. 2010ರಲ್ಲಿ ಡಬ್ಲ್ಯುಡಬ್ಲ್ಯುಇ ತಲೆಗೆ ಕುರ್ಚಿಯಿಂದ ಹೊಡೆಯುವುದನ್ನು ನಿಷೇಧಿಸಿತು.

ನಮಗೆ ಇದೆಲ್ಲ ಏಕೆ ಬೇಕು?

ಏಕೆಂದರೆ "ಎಲ್ಲ ಸುಳ್ಳು, ಯಾರಿಗೂ ಏನಾಗಲ್ಲ" ಎಂದು ದೊಡ್ಡವರು ಹೇಳಿದ್ದನ್ನು ಮಕ್ಕಳೂ ಕೇಳಿಸಿಕೊಳ್ಳುತ್ತಾರೆ. ಏನಾಗಲ್ಲ ಎಂದ ಮೇಲೆ ತಮ್ಮನನ್ನು ಮಂಚದ ಮೇಲಿಂದ ಎತ್ತಿ ಹಾಕಿದರೆ ತಪ್ಪೇನು? ಅಲ್ಲಿ ಬಾಗುವ ಹಲಗೆ ಇಲ್ಲ, ಸಿಮೆಂಟ್ ನೆಲ ಇದೆ. ಬೀಳಲು ಕಲಿತ ದೇಹವಿಲ್ಲ, ಎಳೆಯ ಕುತ್ತಿಗೆ ಇದೆ. ಮಗುವಿನ ತಲೆಗೆ ಜೋರಾಗಿ ಪೆಟ್ಟು ಬಿದ್ದು ವಾಂತಿ, ಅತಿಯಾದ ನಿದ್ದೆ, ಗೊಂದಲದ ಮಾತು ಕಂಡರೆ ಕಾಯದೆ ಆಸ್ಪತ್ರೆಗೆ ಕರೆದೊಯ್ಯಿರಿ. ಕುತ್ತಿಗೆಗೆ ಪೆಟ್ಟಾಗಿ ಕೈಕಾಲು ಜೋಮು ಹಿಡಿದಿದ್ದರೆ ಮಗುವನ್ನು ಎತ್ತಿ ಅಲುಗಾಡಿಸದೆ ಆಂಬುಲೆನ್ಸ್ ಕರೆಸಿ.

ಮಕ್ಕಳಿಗೆ ಟಿವಿ ಆರಿಸಿ ಎನ್ನಬೇಕಿಲ್ಲ. ಜೊತೆಗೆ ಕೂತು ಹೀಗೆ ಹೇಳಿ: "ಗೆಲ್ಲುವವರು ಯಾರೆಂದು ಅವರಿಗೆ ಮೊದಲೇ ಗೊತ್ತು. ಆದರೆ ಬೀಳೋದು ನಿಜ, ನೋವು ನಿಜ. ಅವರು ವರ್ಷಗಟ್ಟಲೆ ಕಲಿತವರು, ಆದರೂ ಪೆಟ್ಟಾಗುತ್ತೆ."

ಒಟ್ಟಿನಲ್ಲಿ ಹೇಳುವುದಾದರೆ: ಅಂಡರ್‌ಟೇಕರ್ ಏಳು ಸಲ ಸತ್ತ ಎಂಬುದು ಸುಳ್ಳು. ಫಲಿತಾಂಶ ಮೊದಲೇ ನಿಗದಿ ಎಂಬುದು ನಿಜ. ಯಾರಿಗೂ ಪೆಟ್ಟಾಗುವುದಿಲ್ಲ ಎಂಬುದು ಸುಳ್ಳು. ಮುಂದಿನ ಸಲ ನಿಮ್ಮ ಗ್ರೂಪಿಗೆ "ಎಲ್ಲ ಡ್ರಾಮಾ" ಎಂಬ ಸಂದೇಶ ಬಂದಾಗ, ಫಾರ್ವರ್ಡ್ ಮಾಡುವ ಮುನ್ನ ಓವೆನ್ ಹಾರ್ಟ್ ಹೆಸರನ್ನೊಮ್ಮೆ ನೆನಪಿಸಿಕೊಳ್ಳಿ.