ಕಾಲದೋಷವೋ, ಸಹವಾಸದೋಷವೋ?

‘ಈಗಿನ ಹುಡುಗರಲ್ಲಿ ಸತ್ಯವಿಲ್ಲ, ವಿನಯವಿಲ್ಲ, ಹಿರಿಯರಲ್ಲಿ ಭಕ್ತಿಯಿಲ್ಲ’ ಎಂಬುದು ನಮ್ಮ ಜಗಲಿಗಳಲ್ಲಿ ನಿತ್ಯಪಾರಾಯಣವಾಗಿದೆ. ಅರವತ್ತು ದಾಟಿದ ನಾನೂ ಅದಕ್ಕೆ ದನಿಗೂಡಿಸಿದವನೇ. ಆದರೆ ವಿಚಾರಕ್ಕೆ ಹಚ್ಚಿದರೆ ಈ ದೂಷಣೆ ನಿಲ್ಲತಕ್ಕದ್ದಲ್ಲ.

ವಯಸ್ಸಿನಿಂದಲೇ ಗುಣವು ನಿರ್ಣಯವಾಗುವುದಾದರೆ ಕಠೋಪನಿಷತ್ತಿನ ನಚಿಕೇತನ ಕಥೆಗೆ ಅರ್ಥವೇನು? ಹಾಲು ಬತ್ತಿದ ಮುದಿಗೋವುಗಳನ್ನು ದಾನಕ್ಕೆ ಹೊರಡಿಸಿದವನು ತಂದೆ. ಅದು ಸಲ್ಲದೆಂದು ಕಂಡವನು ಬಾಲಕ. ಪುರಾತನದ ಮಾತಾಯಿತೆನ್ನುವಿರೋ? 1930ರ ಮಾರ್ಚಿ 12ರಂದು ಸಾಬರಮತಿಯಿಂದ ದಂಡಿಗೆ ಹೊರಟ ಗಾಂಧೀಜಿಯವರಿಗೆ 60 ವರ್ಷ. ಅವರೊಡನೆ ನಡೆದ ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪನವರಿಗೆ 18. ಆ ತರುಣರು 1943ರಲ್ಲಿ ಹೊಸರಿತ್ತಿಯಲ್ಲಿ ಗುಂಡೇಟಿಗೆ ಪ್ರಾಣವನ್ನೊಪ್ಪಿಸಿದರು. ಆ ಧೈರ್ಯವನ್ನಿತ್ತುದು ಬರಿಯ ತಾರುಣ್ಯವಲ್ಲ. ಹಿರಿಯರು ಮುಂದೆ ನಡೆದಿದ್ದರು. ಕಿರಿಯರು ಆ ಹೆಜ್ಜೆಯನ್ನು ಕಂಡಿದ್ದರು.

ನಮ್ಮ ತಲೆಮಾರು ತೋರಿದ ಹೆಜ್ಜೆ ಎಂತಹುದು? ಶಾಲೆಗಳಲ್ಲಿ ಜನನಪತ್ರವನ್ನು ಕೇಳದಿದ್ದ ಕಾಲದಲ್ಲಿ, ಮಗುವನ್ನು ಸೇರಿಸಲು ಬಂದ ತಂದೆಯು, ‘ವಯಸ್ಸು ಸಾಲದಿದ್ದರೆ ಕೂಡಿಸಿ ಬರೆದುಕೊಳ್ಳಿರಿ ಮೇಷ್ಟ್ರೇ’ ಎನ್ನುವನು. ಉಪಾಧ್ಯಾಯನು ಜೂನ್ 1 ಎಂದು ಬರೆಯುವನು. ನಮ್ಮಲ್ಲಿ ಎಷ್ಟೋ ಮಂದಿ ಒಂದೇ ದಿನ ಹುಟ್ಟಿದ ಪವಾಡಕ್ಕೆ ಮೂಲವಿದು. ಹಾಗೆ ಬರೆದವರಲ್ಲಿ ನಾನೂ ಒಬ್ಬನು. ತಂದೆಯ ಬೆರಳು ಹಿಡಿದು ನಿಂತಿದ್ದ ಮಗುವು ಅಕ್ಷರಕ್ಕೆ ಮೊದಲೇ ಕಲಿತ ಪಾಠ ಯಾವುದು? ಮರುದಿನ ಅದೇ ಮಗುವಿಗೆ ನಾನು ಹರಿಶ್ಚಂದ್ರನ ಕಥೆ ಹೇಳಿದೆನು!

ಈಗ ಮಕ್ಕಳನ್ನು ಕೆಡಿಸುತ್ತಿರುವುದು ಮೊಬೈಲು, ಮನೆಯವರಲ್ಲವೆಂದು ಕೆಲವರು ಆಕ್ಷೇಪಿಸಬಹುದು. ತುತ್ತು ಇಳಿಯಲೆಂದು ಎರಡು ವರ್ಷದ ಕೂಸಿನ ಕೈಗೆ ಅದನ್ನಿತ್ತವರು ಯಾರು? ಬಂದ ಕರೆಗೆ ‘ಮನೆಯಲ್ಲಿಲ್ಲವೆಂದು ಹೇಳು’ ಎಂದು ಮೊಮ್ಮಗನಿಗೆ ಕಲಿಸಿದವರು ಯಾರು? ಕನ್ನಡವನ್ನು ಓದರೆಂದು ಹುಡುಗರನ್ನು ಜರೆಯುವ ಮನೆಗಳಲ್ಲಿ ಹಿರಿಯರು ಕೊಂಡ ಕನ್ನಡ ಪುಸ್ತಕಗಳೆಷ್ಟು? ಮಕ್ಕಳು ನಮ್ಮ ಉಪದೇಶವನ್ನು ಮರೆತಾರು, ನಮ್ಮ ವ್ಯವಹಾರವನ್ನು ಮರೆಯರು.

ತರುಣರೆಲ್ಲರೂ ನಿರ್ದೋಷಿಗಳೆಂದು ನನ್ನ ವಾದವಲ್ಲ. ತಪ್ಪಿದವನನ್ನು ತಿದ್ದಬೇಕು, ಆದರೆ ಒಬ್ಬನ ತಪ್ಪನ್ನು ಇಡೀ ತಲೆಮಾರಿನ ಹಣೆಗೆ ಬರೆಯುವುದು ತಿದ್ದುವಿಕೆಯಲ್ಲ, ನಮ್ಮ ಹೊಣೆಯನ್ನು ಕಾಲದ ಮೇಲೆ ಹೊರಿಸುವ ಉಪಾಯ.

ತೈತ್ತಿರೀಯದ ಆಚಾರ್ಯನು ವಿದ್ಯೆ ಮುಗಿಸಿದ ಶಿಷ್ಯನಿಗೆ, ತಮ್ಮ ನಡತೆಯಲ್ಲಿ ಒಳ್ಳೆಯದಾದುದನ್ನು ಮಾತ್ರವೇ ಹಿಡಿಯಬೇಕೆಂದು ಉಪದೇಶಿಸುತ್ತಾನೆ. ತನ್ನಲ್ಲಿಯೂ ಬಿಡತಕ್ಕುದುಂಟೆಂದು ಒಪ್ಪಿದ ಗುರುವಾತನು. ವಾಚಕಮಹಾಶಯರೇ, ನಾವೂ ಮೊದಲು ಅಷ್ಟನ್ನು ಒಪ್ಪೋಣ. ಹುಡುಗರ ಕಿವಿ ಹಿಂಡುವುದು ಆಮೇಲಿರಲಿ.