ಗಾಲ್ಫ್ ಏಟು ಕೆಡುವುದು ಮಣಿಕಟ್ಟಿನಲ್ಲಲ್ಲ

‘ಮಣಿಕಟ್ಟು ಹಿಡಿದಿಟ್ಟುಕೋ, ಬೇಗ ಬಿಡಬೇಡ.’ ಗಾಲ್ಫ್ ಕಲಿಯಲು ಹೊರಟ ಯಾರನ್ನೇ ಕೇಳಿ, ಈ ಮಾತು ಹತ್ತು ಸಲವಾದರೂ ಕಿವಿಗೆ ಬಿದ್ದಿರುತ್ತದೆ. ಕೇಳಲು ಸರಿಯಾಗಿಯೇ ಇದೆ. ಆದರೆ ಕಲಿಯುವವರನ್ನು ಹೆಚ್ಚು ದಾರಿ ತಪ್ಪಿಸುವ ಸಲಹೆಯೂ ಇದೇ ಎಂಬುದು ನನ್ನ ಅಭಿಪ್ರಾಯ.

ಮಾಲೂರಿನ ಹುಡುಗನಿಗೆ ಗಾಲ್ಫ್ ಯಾಕೆ ಎಂದು ನೀವು ಕೇಳಬಹುದು. ನಮ್ಮ ಜಿಲ್ಲೆಗೆ ಈ ಆಟ ಹೊಸದಲ್ಲ. 1880ರ ದಶಕದಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಕೆಜಿಎಫ್‌ನಲ್ಲಿ ಚಿನ್ನ ತೆಗೆಯಲು ಬಂದ ಮೇಲೆ ಅದರ ಹಿಂದೆಯೇ ಬಂಗಲೆ, ಕ್ಲಬ್ಬು, ಗಾಲ್ಫ್ ಮೈದಾನ ಎಲ್ಲವೂ ಬಂದವು. 2001ರಲ್ಲಿ ಗಣಿ ಮುಚ್ಚಿತು, ಆಟ ಉಳಿಯಿತು. ಈಗ ಬೆಂಗಳೂರಿನಿಂದ ಕೋಲಾರದ ಕಡೆಗೆ ಹೊರಟರೆ ಹೆದ್ದಾರಿ ಪಕ್ಕದಲ್ಲೂ ಗಾಲ್ಫ್ ಹೆಸರಿನ ಬೋರ್ಡು ಕಾಣುತ್ತದೆ. ನನ್ನ ಇಬ್ಬರು ಗೆಳೆಯರು, ಒಬ್ಬ ಮುಳಬಾಗಿಲಿನವನು, ಇನ್ನೊಬ್ಬ ಶ್ರೀನಿವಾಸಪುರದವನು, ಡಿಪ್ಲೊಮಾ ಓದುತ್ತಲೇ ಶನಿವಾರ, ಭಾನುವಾರ ಕ್ಯಾಡಿ ಕೆಲಸಕ್ಕೆ ಹೋಗುತ್ತಾರೆ. ಚೀಲ ಹೊರುವುದು ಅವರ ಕೆಲಸ, ಹೊಡೆಯುವುದು ಬೇರೆಯವರದ್ದು. ಬಿಡುವಾದಾಗ ಹಳೆಯ ಸ್ಟಿಕ್ ಒಂದರಲ್ಲಿ ಇವರೂ ಹೊಡೆದು ನೋಡುತ್ತಾರೆ. ಇಬ್ಬರಿಗೂ ಇದ್ದದ್ದು ಒಂದೇ ಕಾಯಿಲೆ, ಕಾಸ್ಟಿಂಗ್.

ಸ್ಟಿಕ್ ಮೇಲಕ್ಕೆ ಎತ್ತಿದಾಗ ಎಡಗೈಗೂ ಸ್ಟಿಕ್‌ಗೂ ನಡುವೆ ಹೆಚ್ಚುಕಡಿಮೆ 90 ಡಿಗ್ರಿ ಕೋನ ಇರುತ್ತದೆ. ಕೆಳಗೆ ಬರುವಾಗ ಕೈ ಸೊಂಟದ ಮಟ್ಟಕ್ಕೆ ಬರುವವರೆಗೂ ಅದು ಬಹುಪಾಲು ಹಾಗೇ ಇದ್ದು, ಆಮೇಲೆ ಬಿಚ್ಚಿಕೊಳ್ಳಬೇಕು. ಗಾಳ ಎಸೆದ ಹಾಗೆ ಮೇಲಿನಿಂದಲೇ ಬಿಚ್ಚಿಬಿಟ್ಟರೆ ಕಾಸ್ಟಿಂಗ್. ಆಗ ಚೆಂಡಿನ ಹತ್ತಿರ ಬರುವ ಹೊತ್ತಿಗೆ ಸ್ಟಿಕ್‌ನ ತಲೆ ಕೈಗಿಂತ ಮುಂದೆ ಹೋಗಿರುತ್ತದೆ. ಒಮ್ಮೆ ಚೆಂಡಿನ ಹಿಂದಿನ ನೆಲಕ್ಕೆ ಏಟು ಬೀಳುತ್ತದೆ, ಇನ್ನೊಮ್ಮೆ ಚೆಂಡಿನ ನೆತ್ತಿಗೆ. ಸರಿಯಾಗಿ ತಾಗಿದರೂ ಚೆಂಡು ಮೇಲೆ ಹಾರುತ್ತದೆಯೇ ಹೊರತು ಮುಂದೆ ಹೋಗುವುದಿಲ್ಲ.

ಇದನ್ನು ಅರ್ಥ ಮಾಡಿಕೊಳ್ಳಲು ನಮ್ಮ ಮನೆಯ ಬಟ್ಟೆ ಒಗೆಯುವ ಕಲ್ಲೇ ಸಾಕು. ಅಮ್ಮ ಒದ್ದೆ ಪಂಚೆಯನ್ನು ಭುಜದ ಮೇಲಿಂದ ತಂದು ಕಲ್ಲಿಗೆ ಬಡಿಯುವಾಗ ಮೊದಲು ಮೈ ಬಾಗುತ್ತದೆ, ಆಮೇಲೆ ತೋಳು ಬರುತ್ತದೆ, ಬಟ್ಟೆ ಎಲ್ಲಕ್ಕಿಂತ ಹಿಂದೆ. ಕೈ ಕೆಳಗೆ ಬಂದು ನಿಧಾನವಾಗುವ ಕ್ಷಣಕ್ಕೆ ಸರಿಯಾಗಿ ಬಟ್ಟೆಯ ತುದಿ ಬೀಸಿ ಬಂದು ‘ಠಪ್’ ಎನ್ನುತ್ತದೆ. ಯಾವ ಅಮ್ಮನೂ ‘ಬಟ್ಟೆಯನ್ನು ಹಿಡಿದಿಟ್ಟುಕೊಳ್ಳಬೇಕು’ ಎಂದು ಯೋಚಿಸುವುದಿಲ್ಲ. ಅದು ತಾನಾಗಿಯೇ ಹಿಂದುಳಿಯುತ್ತದೆ, ತಾನಾಗಿಯೇ ಬಿಚ್ಚಿಕೊಳ್ಳುತ್ತದೆ.

ಎಂಜಿನಿಯರಿಂಗ್ ಭಾಷೆಯಲ್ಲಿ ಇದು ಡಬಲ್ ಪೆಂಡುಲಮ್. ತೋಳು ಒಂದು ಸನ್ನೆ, ಸ್ಟಿಕ್ ಇನ್ನೊಂದು, ಮಣಿಕಟ್ಟು ನಡುವಿನ ಕೀಲು. 1968ರಲ್ಲಿ ಬ್ರಿಟನ್ನಿನ ಕಾಕ್ರನ್ ಮತ್ತು ಸ್ಟಾಬ್ಸ್ ಬರೆದ ಪುಸ್ತಕ ಗಾಲ್ಫ್ ಸ್ವಿಂಗನ್ನು ಹೀಗೇ ವಿವರಿಸಿತ್ತು. ಒಂದು ಸಣ್ಣ ಲೆಕ್ಕ ಮಾಡೋಣ. ತೋಳು 65 ಸೆಂ.ಮೀ., ಸ್ಟಿಕ್ 110 ಸೆಂ.ಮೀ. ಎಂದಿಟ್ಟುಕೊಳ್ಳಿ. ಮಣಿಕಟ್ಟು 90 ಡಿಗ್ರಿ ಮಡಿಚಿದ್ದರೆ ಭುಜದಿಂದ ಸ್ಟಿಕ್‌ನ ತಲೆಗೆ ಇರುವ ದೂರ ಪೈಥಾಗೊರಸ್ ಪ್ರಕಾರ ಸುಮಾರು 128 ಸೆಂ.ಮೀ. ಪೂರ್ತಿ ಬಿಚ್ಚಿದರೆ 175. ಜಡತ್ವದ ಭ್ರಮಣಾಂಕ ದೂರದ ವರ್ಗಕ್ಕೆ ತಕ್ಕಂತೆ ಏರುವುದರಿಂದ, ತಲೆಯ ಭಾರವೊಂದನ್ನೇ ಲೆಕ್ಕಕ್ಕೆ ಹಿಡಿದರೂ ಭುಜಕ್ಕೆ ಅದು ಹೆಚ್ಚುಕಡಿಮೆ ಎರಡರಷ್ಟಾಗಿ ಕಾಣುತ್ತದೆ. ಮೇಲೆಯೇ ಬಿಚ್ಚಿಕೊಂಡವನು ದಾರಿಯುದ್ದಕ್ಕೂ ಈ ಹೊರೆಯನ್ನು ಎಳೆದು ತರಬೇಕು. ಅವನ ಏಟಿನಲ್ಲಿ ಬಲ ಇಲ್ಲವೆಂದಲ್ಲ, ಬಲವೆಲ್ಲ ಚೆಂಡು ಸಿಗುವ ಮೊದಲೇ ಖರ್ಚಾಗಿರುತ್ತದೆ.

ಹಾಗಾದರೆ ಹಿಡಿದಿಟ್ಟುಕೊಂಡರೆ ಆಯಿತಲ್ಲ? ಆಗುವುದಿಲ್ಲ. ಸ್ಟಿಕ್ ಮೇಲಿನಿಂದ ಚೆಂಡಿಗೆ ಬರಲು ಹಿಡಿಯುವುದು ಸುಮಾರು ಕಾಲು ಸೆಕೆಂಡು. ಕಣ್ಣು ಕಂಡದ್ದಕ್ಕೆ ಕೈ ಪ್ರತಿಕ್ರಿಯಿಸಲು 0.2 ಸೆಕೆಂಡು ಬೇಕು. ನಡುದಾರಿಯಲ್ಲಿ ‘ಈಗ ಹಿಡಿ, ಈಗ ಬಿಡು’ ಎಂದು ತೀರ್ಮಾನಿಸಲು ಸಮಯವೇ ಇಲ್ಲ. ಹಿಡಿಯಲೇಬೇಕೆಂದು ಹಟ ಹಿಡಿದವರು ಮುಷ್ಟಿ ಬಿಗಿ ಮಾಡುತ್ತಾರೆ. ಬಿಗಿ ಮುಷ್ಟಿಯಲ್ಲಿ ಕೀಲು ಸರಾಗವಾಗಿ ಆಡುವುದಿಲ್ಲ, ಚೆಂಡು ಬಲಕ್ಕೆ ಓಡುತ್ತದೆ, ಮಣಿಕಟ್ಟಿಗೆ ನೋವು ಬೇರೆ.

ನನ್ನ ಪ್ರಕಾರ ನಮ್ಮ ಕಡೆಯ ಹುಡುಗರಿಗೆ ಈ ಕಾಯಿಲೆ ಬರುವುದು ಟೆನಿಸ್ ಬಾಲ್ ಕ್ರಿಕೆಟ್‌ನಿಂದ. ಲೆಗ್ ಸೈಡಿಗೆ ಎತ್ತಿ ಬಾರಿಸುವಾಗ ಕೆಳಗಿನ ಕೈಯದೇ ಕಾರುಬಾರು. ಅಲ್ಲಿ ಚೆಂಡು ನಮ್ಮ ಕಡೆ ಬರುತ್ತಿರುತ್ತದೆ, ಆತುರಕ್ಕೆ ಅರ್ಥವಿದೆ. ಗಾಲ್ಫ್ ಚೆಂಡು ಸುಮ್ಮನೆ ಕೂತಿರುತ್ತದೆ. ಬಲಗೈ ಮಾತ್ರ ಹಳೆಯ ಚಾಳಿ ಬಿಡದೆ ಮೇಲಿನಿಂದಲೇ ನುಗ್ಗುತ್ತದೆ. ಕಾಲು, ಸೊಂಟ ತಿರುಗುವ ಮೊದಲೇ ಕೈ ಹೊರಟರೆ ಮಣಿಕಟ್ಟು ಬಿಚ್ಚದೆ ಇನ್ನೇನು ಮಾಡೀತು? ಅದಕ್ಕೇ ಮದ್ದು ಮಣಿಕಟ್ಟಿಗೆ ಬೇಡ, ಕಾಲಿಗೆ ಬೇಕು ಎನ್ನುತ್ತೇನೆ.

ಮದ್ದಿಗೆ ದುಡ್ಡೇನೂ ಬೇಕಿಲ್ಲ. ಎರಡು ಪಾದ ಜೋಡಿಸಿ ನಿಂತು ಸ್ಟಿಕ್ ಎತ್ತಿ. ಸ್ಟಿಕ್ ಇನ್ನೂ ಮೇಲೆ ಹೋಗುತ್ತಿರುವಾಗಲೇ ಎಡಗಾಲನ್ನು ಗುರಿಯ ಕಡೆ ಒಂದು ಹೆಜ್ಜೆ ಇಡಿ, ಆಮೇಲೆ ಬೀಸಿ. ಕಾಲು ಮೊದಲು, ಕೈ ಆಮೇಲೆ ಎಂಬ ಕ್ರಮ ಇದರಿಂದ ಮೈಗೆ ಹತ್ತುತ್ತದೆ. ಇನ್ನೊಂದು, ಸ್ಟಿಕ್ ಅನ್ನು ತಿರುವಿ ತಲೆಯ ಕಡೆ ಹಿಡಿದು ಗಾಳಿಯಲ್ಲಿ ಬೀಸಿ ‘ಸುಯ್’ ಸದ್ದು ಎಲ್ಲಿ ಬರುತ್ತದೆ ಎಂದು ಕೇಳಿ. ಬಲ ಭುಜದ ಹತ್ತಿರ ಬಂದರೆ ಕಾಸ್ಟಿಂಗ್, ಚೆಂಡು ಇರಬೇಕಾದ ಜಾಗದಲ್ಲೋ ಅದರ ಆಚೆಗೋ ಬಂದರೆ ಸರಿ. ಸ್ಟಿಕ್ ಇಲ್ಲದವರು ನೀಲಗಿರಿ ಕೋಲಿನಲ್ಲೂ ಮಾಡಬಹುದು. ನಮ್ಮ ಜಿಲ್ಲೆಯಲ್ಲಿ ಅದಕ್ಕೇನು ಬರ! ಶ್ರೀನಿವಾಸಪುರದ ಗೆಳೆಯ ಮಾವಿನ ತೋಪಿನಲ್ಲಿ ಮೂರು ವಾರ ಮಾಡಿದ್ದು ಇದನ್ನೇ.

ಗುಣವಾಗಿದೆಯೋ ಇಲ್ಲವೋ ಎಂದು ಅಂದಾಜಿನಲ್ಲಿ ಹೇಳಬಾರದು. ಮೊಬೈಲ್‌ನ ಸ್ಲೋ ಮೋಷನ್‌ನಲ್ಲಿ ಸೆಕೆಂಡಿಗೆ 240 ಚಿತ್ರ ಸಿಗುವುದಾದರೆ ಕಾಲು ಸೆಕೆಂಡಿಗೆ 60 ಚಿತ್ರ. ‘ಟ್ರ್ಯಾಕರ್’ ಎಂಬ ಉಚಿತ ಸಾಫ್ಟ್‌ವೇರ್‌ಗೆ ಅದನ್ನು ಹಾಕಿ ತೋಳಿಗೂ ಸ್ಟಿಕ್‌ಗೂ ನಡುವಿನ ಕೋನವನ್ನು ಒಂದೊಂದು ಚಿತ್ರದಲ್ಲೂ ಅಳೆಯಬಹುದು. ಪ್ರತಿ ವರ್ಷ ಅದೇ ಸ್ಮಾರ್ಟ್ ಡಸ್ಟ್‌ಬಿನ್, ಅದೇ ಮುಖ ನೋಡಿ ಹಾಜರಿ ಹಾಕುವ ಯಂತ್ರ ಮಾಡುವ ನಮ್ಮ ಪ್ರಾಜೆಕ್ಟ್ ತಂಡಗಳು ಇತ್ತ ಕಡೆಯೂ ಸ್ವಲ್ಪ ನೋಡಬೇಕು. ಚೆಂಡಿನ ವೇಗ, ಕೋನ ಅಳೆಯುವ ರೇಡಾರ್ ಯಂತ್ರ ಮಾಡಿಯೇ ಡೆನ್ಮಾರ್ಕ್‌ನ ಟ್ರ್ಯಾಕ್‌ಮ್ಯಾನ್ ಕಂಪನಿ ಜಗತ್ತಿಗೆಲ್ಲ ಗೊತ್ತಾಗಿದೆ. ಕೆಲಸ ಹುಡುಕುವವರಿಗೆ ಇದೂ ಒಂದು ಕ್ಷೇತ್ರ.

ದೂರ ಹೊಡೆಯುವುದೇ ಗಾಲ್ಫ್ ಅಲ್ಲ ಎಂದು ಯಾರಾದರೂ ತಕರಾರು ತೆಗೆದರೆ ಒಪ್ಪುತ್ತೇನೆ. ಬೆಂಗಳೂರಿನ ಅದಿತಿ ಅಶೋಕ್ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಒಂದೇ ಒಂದು ಹೊಡೆತದಿಂದ ಪದಕದ ಹೋರಾಟ ತಪ್ಪಿಸಿಕೊಂಡು ನಾಲ್ಕನೆಯವರಾದಾಗ, ದೂರ ಹೊಡೆಯುವುದರಲ್ಲಿ ಅವರು ಕೊನೆಯ ಸಾಲಿನಲ್ಲಿದ್ದರು. ಅವರನ್ನು ಅಲ್ಲಿವರೆಗೆ ತಂದದ್ದು ಪಟಿಂಗ್. ಆದರೆ ಏಟು ಒಂದೊಂದು ಸಲ ಒಂದೊಂದು ಥರ ಬಿದ್ದರೆ ಪಟಿಂಗ್‌ವರೆಗೆ ಹೋಗುವುದಾದರೂ ಹೇಗೆ? ಕಾಸ್ಟಿಂಗ್ ದೂರಕ್ಕಿಂತ ಹೆಚ್ಚಾಗಿ ಕೆಡಿಸುವುದು ನೆಚ್ಚಿಕೆಯನ್ನು.

ಶ್ರೀಮಂತರ ಆಟ ಎಂಬ ಮಾತನ್ನು ಮಾತ್ರ ನಾನು ಪೂರ್ತಿ ಒಪ್ಪುವುದಿಲ್ಲ. ಮೈದಾನ ಶ್ರೀಮಂತರದ್ದು, ನಿಜ. ಆದರೆ ಬಿಡದಿ ಹತ್ತಿರ ಈಗಲ್‌ಟನ್ ಗಾಲ್ಫ್ ಕೋರ್ಸ್ ಪಕ್ಕದ ಹಳ್ಳಿಯ ಹುಡುಗ ಎಸ್. ಚಿಕ್ಕರಂಗಪ್ಪ ಇವತ್ತು ದೇಶ ಬಲ್ಲ ವೃತ್ತಿಪರ ಆಟಗಾರ. ಬೇಲಿಯ ಆಚೆಗಿದ್ದವನನ್ನು ಒಳಗೆ ಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ ಅವರಿದ್ದಾರೆ. ನಮ್ಮ ಜಿಲ್ಲೆಯಲ್ಲಿ ಬೇಲಿಯ ಒಳಗೇ ಇರುವ ಹುಡುಗರ ಹೆಗಲ ಮೇಲೆ ಮಾತ್ರ ಇನ್ನೂ ಚೀಲವೇ ಇದೆ. ನಾಲ್ಕು ವರ್ಷ ಪಕ್ಕದಲ್ಲಿ ನಿಂತು ನೋಡಿದ ಕ್ಯಾಡಿಗೆ ಯಾರ ಏಟು ಎಲ್ಲಿ ಕೆಡುತ್ತದೆ ಎಂದು ಚೆನ್ನಾಗಿ ಗೊತ್ತಿರುತ್ತದೆ. ‘ಅಣ್ಣ, ನಿಮ್ಮ ಕೈ ಮೊದಲು ಹೊರಡ್ತಿದೆ’ ಎಂದು ಮುಳಬಾಗಿಲಿನ ಗೆಳೆಯ ಹೇಳಿದ್ದನ್ನು ಕೇಳಿಸಿಕೊಂಡ ಸದಸ್ಯರೂ ಇದ್ದಾರಂತೆ.

ಹಲವು ಗಾಲ್ಫ್ ಕೋರ್ಸ್‌ಗಳಿಗೆ ಸೋಮವಾರ ರಜೆ, ಹುಲ್ಲು ಕತ್ತರಿಸುವ ದಿನ. ಆ ದಿನ ಬೆಳಿಗ್ಗೆ ಎರಡು ಗಂಟೆ ಪ್ರಾಕ್ಟೀಸ್ ರೇಂಜನ್ನು ಕ್ಯಾಡಿಗಳಿಗೂ ಸುತ್ತಲಿನ ಕಾಲೇಜು ವಿದ್ಯಾರ್ಥಿಗಳಿಗೂ ಬಿಟ್ಟುಕೊಡಲಿ. ನಮ್ಮ ಕಾಲೇಜುಗಳ ದೈಹಿಕ ಶಿಕ್ಷಣ ನಿರ್ದೇಶಕರು ಒಂದು ಪತ್ರ ಬರೆದು ಕೇಳಲಿ. ನಾಲ್ಕು ಹಳೆಯ ಸ್ಟಿಕ್, ಒಂದು ಬಕೆಟ್ ಸವೆದ ಚೆಂಡು ಕೊಟ್ಟರೆ ಸಾಕು. ವಿಡಿಯೊ ತೆಗೆದು ಕೋನ ಅಳೆಯುವ ಕೆಲಸಕ್ಕೆ ನಾವು ಬರುತ್ತೇವೆ.