ಲಡಾಖಿನ ಚಳಿಯಲ್ಲಿ ಲಾರಿ ಏಕೆ ಏಳುವುದಿಲ್ಲ?

ಪುಷ್ಯ ಮಾಸದ ಬೆಳಗುಗಳಲ್ಲಿ ನಮ್ಮ ಕರಾವಳಿಯ ಮನೆಗಳಲ್ಲೊಂದು ಸಣ್ಣ ಚಮತ್ಕಾರ ನಡೆಯುತ್ತದೆ. ರಾತ್ರಿ ತಿಳಿಯಾಗಿದ್ದ ತೆಂಗಿನೆಣ್ಣೆ ಬೆಳಗಾಗುವಷ್ಟರಲ್ಲಿ ಬಾಟಲಿಯೊಳಗೆ ಬೆಳ್ಳಗೆ ಹೆಪ್ಪುಗಟ್ಟಿ ಕೂತಿರುತ್ತದೆ. ತಲೆಗೆ ಎಣ್ಣೆ ಹಚ್ಚಿಕೊಂಡು ಶಾಲೆಗೆ ಓಡಬೇಕಾದ ಮಕ್ಕಳು ಬಾಟಲಿಯನ್ನು ಬಚ್ಚಲ ಒಲೆಯ ಪಕ್ಕದಲ್ಲಿಟ್ಟು ಕಾಯುತ್ತಾರೆ. ತೆಂಗಿನೆಣ್ಣೆ ಸುಮಾರು 24 ಡಿಗ್ರಿ ಸೆಲ್ಸಿಯಸ್‌ಗೇ ಗಟ್ಟಿಯಾಗುವ ವಸ್ತು. ಇಡಗುಂಜಿಯ ಹಿತವಾದ ಚಳಿಯೂ ಅದಕ್ಕೆ ಸಾಕು.

ಇದೇ ಸಂಗತಿ ಲಾರಿಯ ಟ್ಯಾಂಕಿನೊಳಗೆ ನಡೆದರೆ? ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಈ ಪ್ರಶ್ನೆ ಕೇಳಿದ್ದಾಳೆ. ಅವಳ ಅಣ್ಣ ಸೇನೆಯಲ್ಲಿ ಚಾಲಕ, ಈಗ ಲೇಹ್ ಕಡೆ ಇದ್ದಾನೆ. "ಬೆಳಿಗ್ಗೆ ಗಾಡಿ ಸ್ಟಾರ್ಟ್ ಮಾಡುವುದೇ ಒಂದು ಯುದ್ಧ" ಎಂದು ಫೋನಿನಲ್ಲಿ ಹೇಳಿದನಂತೆ. ಮನೆಯವರಿಗೆ ಅದು ತಮಾಷೆಯೋ ನಿಜವೋ ತಿಳಿಯಲಿಲ್ಲ. ನಿಜವೇ. ಪರ್ವತದ ಮೇಲಿನ ಠಾಣ್ಯಗಳಿಗೆ ಅಕ್ಕಿ, ಬೇಳೆ, ಔಷಧಿ ಹೊತ್ತೊಯ್ಯುವ ವಾಹನ ಬೆಳಿಗ್ಗೆ ಏಳದಿದ್ದರೆ ಮೇಲಿದ್ದವರು ಕಾಯಬೇಕು. ಅಲ್ಲಿನ ಚಳಿಯಲ್ಲಿ ಕಾಯುವುದು ಸಣ್ಣ ಮಾತಲ್ಲ.

ಮೊದಲು ಇಂಜಿನ್ನಿನ ಮಾತು. ಪೆಟ್ರೋಲ್ ಇಂಜಿನ್ನಿನಲ್ಲಿ ಕಿಡಿ ಹಾರಿಸುವ ಪ್ಲಗ್ ಇದೆ, ಡೀಸೆಲ್ ಇಂಜಿನ್ನಿಗೆ ಅದಿಲ್ಲ. ಸೈಕಲ್ ಪಂಪಿನ ಬಾಯಿಯನ್ನು ಬೆರಳಿನಿಂದ ಮುಚ್ಚಿ ಹತ್ತಾರು ಬಾರಿ ಜೋರಾಗಿ ಒತ್ತಿ ನೋಡಿ, ಪಂಪಿನ ತಳ ಬೆಚ್ಚಗಾಗುತ್ತದೆ. ಗಾಳಿಯನ್ನು ಅಮುಕಿದರೆ ಅದು ಬಿಸಿಯಾಗುತ್ತದೆ. ಸಾಕಷ್ಟು ಅಮುಕಿದರೆ ಕಿಡಿಯೇ ಇಲ್ಲದೆ ಎಣ್ಣೆ ಹೊತ್ತಿಕೊಳ್ಳುತ್ತದೆ. ಇದನ್ನೇ ನಂಬಿ ರುಡಾಲ್ಫ್ ಡೀಸೆಲ್ 1897ರಲ್ಲಿ ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ ತನ್ನ ಇಂಜಿನ್ನನ್ನು ಯಶಸ್ವಿಯಾಗಿ ಓಡಿಸಿ ತೋರಿಸಿದ.

ಪಿಯುಸಿ ವಿದ್ಯಾರ್ಥಿಗಳು ಕಾಗದ ಪೆನ್ಸಿಲು ತೆಗೆದುಕೊಳ್ಳಬಹುದು. ಸಿಲಿಂಡರಿನ ಗಾಳಿಯನ್ನು ಅದರ ಹದಿನೇಳನೇ ಒಂದು ಭಾಗಕ್ಕೆ ಅಮುಕುತ್ತೇವೆ ಎಂದಿಟ್ಟುಕೊಳ್ಳಿ. ಕೆಲ್ವಿನ್‌ನಲ್ಲಿರುವ ಆರಂಭದ ಉಷ್ಣತೆಯನ್ನು 17ರ ಘಾತ 0.4ರಿಂದ ಗುಣಿಸಿದರೆ ಕೊನೆಯ ಉಷ್ಣತೆ ಸಿಗುತ್ತದೆ. ನಮ್ಮೂರಿನ 30 ಡಿಗ್ರಿಯಿಂದ ಹೊರಟರೆ ಅದು ಸುಮಾರು 670 ಡಿಗ್ರಿ ಸೆಲ್ಸಿಯಸ್. ಸೊನ್ನೆಗಿಂತ 25 ಡಿಗ್ರಿ ಕೆಳಗಿನಿಂದ ಹೊರಟರೂ 500ರ ಹತ್ತಿರ. ಡೀಸೆಲ್ ತಾನಾಗಿ ಹೊತ್ತಿಕೊಳ್ಳಲು 210ರಿಂದ 250 ಡಿಗ್ರಿ ಸಾಕು. ಹಾಗಾದರೆ ತೊಂದರೆ ಎಲ್ಲಿ?

ತೊಂದರೆ ಇರುವುದು ಆ 0.4ರಲ್ಲಿ. ಸಿಲಿಂಡರಿನ ಗೋಡೆ ಸ್ವಲ್ಪವೂ ಶಾಖ ಹೀರುವುದಿಲ್ಲ, ಪಿಸ್ಟನ್ನಿನ ರಿಂಗುಗಳ ಸಂದಿಯಿಂದ ಗಾಳಿ ಸ್ವಲ್ಪವೂ ಸೋರುವುದಿಲ್ಲ ಎಂದುಕೊಂಡ ಲೆಕ್ಕ ಅದು. ಮಂಜಿನಂತೆ ಕೊರೆಯುವ ಕಬ್ಬಿಣದ ಗೋಡೆ, ಆಮೆಯಂತೆ ತಿರುಗುವ ಇಂಜಿನ್, ಎರಡೂ ಸೇರಿದಾಗ ಶಾಖ ಸೋರಿ ಹೋಗಲು ಬೇಕಾದಷ್ಟು ಸಮಯ ಸಿಗುತ್ತದೆ. ಸೋರಿಕೆಯಿಂದಾಗಿ ಘಾತ 0.25ಕ್ಕೆ ಇಳಿಯಿತೆಂದು ಊಹಿಸಿ ಮತ್ತೆ ಲೆಕ್ಕ ಮಾಡಿ. 30 ಡಿಗ್ರಿಯಿಂದ ಹೊರಟ ಗಾಳಿ ಈಗಲೂ 340 ಡಿಗ್ರಿ ಮುಟ್ಟುತ್ತದೆ, ಲಾರಿ ಏಳುತ್ತದೆ. ಸೊನ್ನೆಗಿಂತ 25 ಡಿಗ್ರಿ ಕೆಳಗಿನಿಂದ ಹೊರಟದ್ದು ಮಾತ್ರ 230ರಲ್ಲೇ ನಿಲ್ಲುತ್ತದೆ. ಹೊತ್ತಿದರೆ ಹೊತ್ತೀತು, ಇಲ್ಲದಿದ್ದರೆ ಇಲ್ಲ. ಸುಡದ ಡೀಸೆಲ್ ಬಿಳಿ ಹೊಗೆಯಾಗಿ ಸೈಲೆನ್ಸರಿನಿಂದ ಹೊರಬರುತ್ತದೆ.

ಇನ್ನು, ಇಂಜಿನ್ ನಿಧಾನವಾಗಿ ತಿರುಗುವುದೇಕೆ? ಚಳಿಗೆ ಇಂಜಿನ್ ಆಯಿಲ್ ಜೋನಿಬೆಲ್ಲದಂತೆ ಮಂದವಾಗುತ್ತದೆ. ತಿರುಗಿಸಲು ಹೆಚ್ಚು ಬಲ ಬೇಕು. ಆ ಬಲ ಕೊಡಬೇಕಾದ ಬ್ಯಾಟರಿಯೊಳಗಿನ ರಾಸಾಯನಿಕ ಕ್ರಿಯೆಯೂ ಚಳಿಗೆ ಮಂಕಾಗಿರುತ್ತದೆ. ಸೊನ್ನೆಗಿಂತ 18 ಡಿಗ್ರಿ ಕೆಳಗೆ ಬ್ಯಾಟರಿಯ ಶಕ್ತಿ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ. ಬೇಡಿಕೆ ಏರಿದಾಗಲೇ ಪೂರೈಕೆ ಇಳಿಯಿತು! ಸಾಲದ್ದಕ್ಕೆ ಲೇಹ್ ಪಟ್ಟಣ ಸಮುದ್ರ ಮಟ್ಟದಿಂದ ಸುಮಾರು 3,500 ಮೀಟರ್ ಎತ್ತರದಲ್ಲಿದೆ. ಅಲ್ಲಿನ ಗಾಳಿಯ ಒತ್ತಡ ನಮ್ಮ ಕರಾವಳಿಯದರ ಮೂರನೇ ಎರಡು ಭಾಗದಷ್ಟು ಮಾತ್ರ. ತೆಳುವಾದ ಗಾಳಿ ತನ್ನ ಶಾಖವನ್ನು ಬೇಗ ಕಳೆದುಕೊಳ್ಳುತ್ತದೆ.

ತೆಂಗಿನೆಣ್ಣೆಗೆ ಮರಳೋಣ. ಡೀಸೆಲ್ ಒಂದೇ ವಸ್ತುವಲ್ಲ, ನೂರಾರು ಹೈಡ್ರೋಕಾರ್ಬನ್‌ಗಳ ಮಿಶ್ರಣ. ಅದರಲ್ಲಿ ಉದ್ದ ಸರಪಳಿಯ ಪ್ಯಾರಫಿನ್‌ಗಳೂ ಇವೆ, ಮೇಣದಬತ್ತಿಯ ಮೇಣದ ಸೋದರರು. ಹದಿನಾರು ಕಾರ್ಬನ್‌ಗಳ ಸೀಟೇನ್‌ನ ಸ್ವಭಾವ ನೋಡಿ. ಬೇಗ ಹೊತ್ತಿಕೊಳ್ಳುವುದರಲ್ಲಿ ಅದು ಎಂಥ ನಿಪುಣ ಎಂದರೆ ಡೀಸೆಲ್ಲಿನ ಗುಣವನ್ನು ಅಳೆಯುವ ಅಂಕಿಗೇ ಸೀಟೇನ್ ಅಂಕಿ ಎಂದು ಹೆಸರು. ಆದರೆ ಈ ಸೀಟೇನ್ 18 ಡಿಗ್ರಿಗೇ ಗಟ್ಟಿಯಾಗುತ್ತದೆ! ಚೆನ್ನಾಗಿ ಉರಿಯುವ ಅಣುಗಳೇ ಚಳಿಗೆ ಮೊದಲು ಮುದುಡಿಕೊಳ್ಳುವವು. ಡೀಸೆಲ್ಲಿನಿಂದ ಅವನ್ನೆಲ್ಲ ತೆಗೆದುಹಾಕಿದರೆ ಹರಿಯುತ್ತದೆ, ಹೊತ್ತುವುದು ಕಷ್ಟ. ಉಳಿಸಿಕೊಂಡರೆ ಹೊತ್ತುತ್ತದೆ, ಹರಿಯುವುದು ಕಷ್ಟ. ತೈಲ ಶುದ್ಧೀಕರಣದ ರಸಾಯನ ವಿಜ್ಞಾನಿಗಳು ಈ ಎರಡರ ನಡುವೆ ಹಗ್ಗದ ಮೇಲೆ ನಡೆಯುತ್ತಾರೆ.

ಚಳಿ ಹೆಚ್ಚಿದಂತೆ ಡೀಸೆಲ್ ಮೊದಲು ಮಸುಕಾಗುತ್ತದೆ, ಮೇಣದ ಸಣ್ಣ ಹರಳುಗಳು ತೇಲತೊಡಗುತ್ತವೆ. ಟ್ಯಾಂಕಿನಲ್ಲಿ ನೋಡಿದರೆ ಇನ್ನೂ ದ್ರವವೇ. ಆದರೆ ಫಿಲ್ಟರಿನ ಸಣ್ಣ ರಂಧ್ರಗಳಿಗೆ ಈ ಹರಳುಗಳು ಅಡರಿ ದಾರಿ ಮುಚ್ಚುತ್ತವೆ. ಲಾರಿ ಒಮ್ಮೆ ಎದ್ದು ನಾಲ್ಕು ನಿಮಿಷ ಓಡಿ ನಿಂತುಬಿಡುವುದು ಹೀಗೆ. ಚಳಿ ಇನ್ನೂ ಏರಿದರೆ ಇಡೀ ಟ್ಯಾಂಕೇ ಗಂಜಿಯಾಗುತ್ತದೆ. ನಮ್ಮ ದೇಶದ ಸಾಮಾನ್ಯ ಡೀಸೆಲ್ ಚಳಿಗಾಲದಲ್ಲಿ 3 ಡಿಗ್ರಿ, ಬೇಸಿಗೆಯಲ್ಲಿ 15 ಡಿಗ್ರಿಯವರೆಗೆ ಹರಿಯುವಂತಿದ್ದರೆ ಸಾಕು ಎನ್ನುತ್ತದೆ ಮಾನಕ. ಹೊನ್ನಾವರದ ಬಂಕಿಗೆ ಅದು ಧಾರಾಳವಾಯಿತು, ದ್ರಾಸ್ ಕಣಿವೆಗೆ ಏನೇನೂ ಸಾಲದು.

ಆದ್ದರಿಂದಲೇ ಅಲ್ಲಿನ ಚಾಲಕರು ಬಹುಕಾಲ ಡೀಸೆಲ್ಲಿಗೆ ಸೀಮೆಎಣ್ಣೆ ಬೆರೆಸುತ್ತಿದ್ದರು. ಸೀಮೆಎಣ್ಣೆಯ ಅಣುಗಳು ಗಿಡ್ಡ, ಬೇಗ ಹೆಪ್ಪುಗಟ್ಟುವುದಿಲ್ಲ. ಆದರೆ ಡೀಸೆಲ್ ಪಂಪಿಗೆ ಡೀಸೆಲ್ಲೇ ಕೀಲೆಣ್ಣೆ, ಸೀಮೆಎಣ್ಣೆಗೆ ಆ ಜಿಡ್ಡು ಕಡಿಮೆ. ಪಂಪು ಬೇಗ ಸವೆಯುತ್ತದೆ. 2019ರ ನವೆಂಬರಿನಲ್ಲಿ ಇಂಡಿಯನ್ ಆಯಿಲ್ ಸಂಸ್ಥೆ ಲಡಾಖಿಗಾಗಿ ಪಾಣಿಪತ್ ಶುದ್ಧೀಕರಣಾಗಾರದಿಂದ ವಿಶೇಷ ಚಳಿಗಾಲದ ಡೀಸೆಲ್ ಬಿಡುಗಡೆ ಮಾಡಿತು. ಸೊನ್ನೆಗಿಂತ 33 ಡಿಗ್ರಿ ಕೆಳಗೂ ಅದು ಹರಿಯುತ್ತದೆ. ಸ್ವಾತಂತ್ರ್ಯ ಬಂದು ಎಪ್ಪತ್ತೆರಡು ವರ್ಷಗಳ ಮೇಲೆ ಬಂದ ಸೌಕರ್ಯ, ತಡವಾಯಿತೆಂದೇ ನನ್ನ ಅಭಿಪ್ರಾಯ.

ರೇಡಿಯೇಟರಿನ ನೀರಿನದು ಬೇರೆಯೇ ಕಥೆ. ನೀರು ಮಂಜುಗಡ್ಡೆಯಾಗುವಾಗ ಶೇಕಡಾ 9ರಷ್ಟು ಹಿಗ್ಗುತ್ತದೆ, ಇಂಜಿನ್ನಿನ ಎರಕದ ಕಬ್ಬಿಣವನ್ನೇ ಸೀಳಿಬಿಡುತ್ತದೆ. ಹಿಂದೆ ರಾತ್ರಿ ನೀರನ್ನೆಲ್ಲ ಬಸಿದು ಬೆಳಿಗ್ಗೆ ಬಿಸಿನೀರು ಹೊಯ್ಯುತ್ತಿದ್ದರು. ಈಗ ಎಥಿಲೀನ್ ಗ್ಲೈಕಾಲ್ ಮತ್ತು ನೀರನ್ನು ಸಮ ಪ್ರಮಾಣದಲ್ಲಿ ಬೆರೆಸುತ್ತಾರೆ, ಸೊನ್ನೆಗಿಂತ 35 ಡಿಗ್ರಿ ಕೆಳಗೂ ಅದು ಗಡ್ಡೆಯಾಗದು. ಬೆಂಗಳೂರಿನ ಬಿಇಎಂಎಲ್ ಸೇನೆಗೆ ಕಟ್ಟಿಕೊಟ್ಟ ಟಾಟ್ರಾ ಲಾರಿಗಳಿಗಂತೂ ಈ ಚಿಂತೆಯೇ ಇಲ್ಲ. ಅವುಗಳ ಇಂಜಿನ್ನನ್ನು ತಣಿಸುವುದು ಗಾಳಿ, ನೀರಲ್ಲ.

ಬೇರೆ ಉಪಾಯಗಳೂ ಉಂಟು. ಸಿಲಿಂಡರಿಗೆ ಹೋಗುವ ಗಾಳಿಯನ್ನು ಬಿಸಿಮಾಡುವ ವಿದ್ಯುತ್ ಹೀಟರು, ಚಳಿಗೂ ತೆಳುವಾಗಿಯೇ ಉಳಿಯುವ ಆಯಿಲ್, ರಾತ್ರಿ ಬ್ಯಾಟರಿ ಬಿಚ್ಚಿ ಬೆಚ್ಚಗಿನ ಕೋಣೆಯಲ್ಲಿಡುವುದು. ಎರಡನೆಯ ಮಹಾಯುದ್ಧದಲ್ಲಿ ರಷ್ಯದ ಟಿ-34 ಡೀಸೆಲ್ ಟ್ಯಾಂಕುಗಳು ಒತ್ತಡದ ಗಾಳಿ ತುಂಬಿದ ಸೀಸೆಗಳನ್ನು ಇಟ್ಟುಕೊಂಡಿದ್ದವು. ಬ್ಯಾಟರಿ ಕೈಕೊಟ್ಟರೆ ಗಾಳಿಯ ಬಲದಿಂದಲೇ ಇಂಜಿನ್ ತಿರುಗುತ್ತಿತ್ತು. 1941ರ ಡಿಸೆಂಬರಿನಲ್ಲಿ ಮಾಸ್ಕೋ ಹತ್ತಿರ ಜರ್ಮನ್ನರು ತಮ್ಮ ವಾಹನಗಳ ಕೆಳಗೆ ಬೆಂಕಿ ಹಾಕಿ ಕೂತಿದ್ದರು. ಹಿಮಾಲಯದ ರಸ್ತೆಗಳಲ್ಲೂ ಟ್ಯಾಂಕಿನ ಕೆಳಗೆ ಬೆಂಕಿ ಹಾಕುವ ಚಾಲಕರಿದ್ದಾರೆ. ಅದರ ಅಪಾಯವನ್ನು ಬಿಡಿಸಿ ಹೇಳಬೇಕಿಲ್ಲ.

ಬಿಡಿಸಿ ಹೇಳಬೇಕಾದದ್ದು ಕಣ್ಣಿಗೆ ಕಾಣದ ಇನ್ನೊಂದು ಅಪಾಯ. ಚಳಿ ತಡೆಯಲಾರದೆ ಕ್ಯಾಬಿನ್ನಿನ ಗಾಜು ಏರಿಸಿ, ಒಳಗೆ ಕೆಂಡದ ಬೋಗುಣಿ ಇಟ್ಟುಕೊಂಡು ಮಲಗುವುದು, ಮುಚ್ಚಿದ ಶೆಡ್ಡಿನಲ್ಲಿ ಇಂಜಿನ್ ಓಡಿಸುತ್ತ ಬಿಡುವುದು. ಅರೆಬೆಂದ ಇಂಗಾಲದಿಂದ ಹುಟ್ಟುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಿಗಿಯಾಗಿ ಇದನ್ನು ಅಪ್ಪಿಕೊಳ್ಳುತ್ತದೆ. ನಿದ್ದೆಯಲ್ಲಿದ್ದವನಿಗೆ ಉಸಿರು ಕಟ್ಟಿದ್ದೇ ತಿಳಿಯುವುದಿಲ್ಲ. ಉತ್ತರದ ಚಳಿನಾಡಿಗೆ ಲಾರಿ ಒಯ್ಯುವವರು, ಮಕ್ಕಳನ್ನು ಅಲ್ಲಿಗೆ ಕಳಿಸಿದವರು ಮುಂದಿನ ಫೋನಿನಲ್ಲಿ ಈ ಮಾತು ತಪ್ಪದೆ ಹೇಳಿ. ಗಾಜು ಎರಡು ಬೆರಳಗಲ ಇಳಿಸಿದ್ದರೂ ಬೆಂಕಿಯನ್ನು ಒಳಗಿಟ್ಟುಕೊಂಡು ಮಲಗಬಾರದು.

ಪರೀಕ್ಷೆ ಮುಗಿದ ಮಕ್ಕಳಿಗೆ ಮನೆಯಲ್ಲೇ ಮಾಡುವ ಪ್ರಯೋಗವೊಂದಿದೆ. ಒಂದು ಬಟ್ಟಲಿನಲ್ಲಿ ಬರೀ ತೆಂಗಿನೆಣ್ಣೆ, ಇನ್ನೊಂದರಲ್ಲಿ ಅರ್ಧ ತೆಂಗಿನೆಣ್ಣೆ ಅರ್ಧ ಶೇಂಗಾ ಎಣ್ಣೆ ಹಾಕಿ ಫ್ರಿಜ್ಜಿನಲ್ಲಿಡಿ. ಮೇಲಿನ ಐಸ್ ಮಾಡುವ ಅರೆಯಲ್ಲಿ ಬೇಡ, ಕೆಳಗೆ. ಅರ್ಧ ತಾಸಿಗೊಮ್ಮೆ ತೆಗೆದು ಚಮಚದಿಂದ ಒತ್ತಿ ನೋಡಿ. ಯಾವುದು ಮೊದಲು ಮಸುಕಾಯಿತು, ಯಾವುದು ಕಲ್ಲಿನಂತಾಯಿತು, ಯಾವುದು ಮೆತ್ತಗೇ ಉಳಿಯಿತು ಎಂದು ಗಡಿಯಾರ ನೋಡಿ ಬರೆದಿಡಿ. ಎಣ್ಣೆ ತೆಗೆಯುವ ಮೊದಲು ಅಮ್ಮನನ್ನು ಕೇಳಿ.